ವಾರಕ್ಕೊಂದು ಎಪಿಸೋಡಾ, ಎಲ್ಲಾ ಒಟ್ಟಿಗಾ? ಜಗಳ ನಮ್ಮದು, ಲೆಕ್ಕ ಅವರದು

2020ರ ಸೆಪ್ಟೆಂಬರ್‌ನಲ್ಲಿ ಅಮೆಜಾನ್ ಪ್ರೈಮ್ 'ದ ಬಾಯ್ಸ್' ಸೀರೀಸ್‌ನ ಎರಡನೇ ಸೀಸನ್ ಬಿಟ್ಟಾಗ ಒಂದು ತಮಾಷೆ ನಡೆಯಿತು. ಹಿಂದಿನ ವರ್ಷ ಮೊದಲ ಸೀಸನ್ನಿನ ಎಂಟೂ ಎಪಿಸೋಡ್‌ಗಳನ್ನು ಒಂದೇ ದಿನ ಕೊಟ್ಟಿದ್ದವರು ಈ ಸಲ ಮೂರು ಕೊಟ್ಟು, ಉಳಿದದ್ದು ವಾರಕ್ಕೊಂದು ಅಂದುಬಿಟ್ಟರು. ಜನ ಸಿಟ್ಟಿಗೆದ್ದು ಅಮೆಜಾನ್ ಸೈಟಿನಲ್ಲೇ ಒಂದೊಂದು ಸ್ಟಾರ್ ಕೊಟ್ಟು ರಿವ್ಯೂ ಬರೆದರು. ಕಥೆ ಕೆಟ್ಟದಾಗಿದೆ ಅಂತಲ್ಲ, ಕಾಯಿಸುತ್ತಿದ್ದಾರೆ ಅಂತ! ಸೀರೀಸ್‌ನ ಉಸ್ತುವಾರಿ ಹೊತ್ತಿದ್ದ ಎರಿಕ್ ಕ್ರಿಪ್ಕಿ ಕೊನೆಗೆ ತಾವೇ ಮುಂದೆ ಬಂದು, ಇದು ಅಮೆಜಾನ್‌ನ ದುಡ್ಡಿನಾಸೆ ಅಲ್ಲ, ಕಥೆ ಮಾಡುವ ನಾವೇ ಹೀಗೆ ಬೇಕು ಅಂದದ್ದು, ನೋಡಿದ್ದನ್ನು ಅರಗಿಸಿಕೊಳ್ಳೋಕೆ ಜನರಿಗೆ ಸ್ವಲ್ಪ ಟೈಮ್ ಸಿಗಲಿ ಅಂತ, ಎಂದು ಸಮಜಾಯಿಷಿ ಕೊಡಬೇಕಾಯಿತು.

ಕ್ರಿಪ್ಕಿ ಹೇಳಿದ್ದು ನಿಜವೇ ಇರಬಹುದು. ಆದರೆ ಅದೇ ಹೊತ್ತಿಗೆ ಓಟಿಟಿ ಕಂಪನಿಗಳು ಒಂದರ ಹಿಂದೆ ಒಂದು ವಾರದ ಲೆಕ್ಕಕ್ಕೆ ವಾಪಸ್ ಬರುತ್ತಿದ್ದವು. ಎಲ್ಲರಿಗೂ ಒಟ್ಟೊಟ್ಟಿಗೆ ಕಲೆಯ ಮೇಲೆ ಪ್ರೀತಿ ಉಕ್ಕಿತು ಅಂದರೆ ನಂಬೋದು ಕಷ್ಟ ಅಲ್ವಾ?

ನನ್ನ ಅನಿಸಿಕೆ ಮೊದಲೇ ಹೇಳಿಬಿಡುತ್ತೇನೆ. ವಾರಕ್ಕೊಂದು ಎಪಿಸೋಡ್ ಪದ್ಧತಿ ವಾಪಸ್ ಬಂದದ್ದು ದುಡ್ಡಿಗೋಸ್ಕರ. ಆದರೂ ನೋಡುವವರಿಗೆ ಅದರಿಂದ ಒಳ್ಳೆಯದೇ ಆಗಿದೆ. ಒಂದೇ ಷರತ್ತು: ಎಪಿಸೋಡನ್ನು ಎಪಿಸೋಡ್ ಥರ ಬರೆದಿರಬೇಕು. ಎಂಟು ಗಂಟೆಯ ಸಿನಿಮಾ ತೆಗೆದು, ಅದನ್ನು ಎಂಟು ತುಂಡು ಮಾಡಿ, ವಾರಕ್ಕೊಂದು ತುಂಡು ಕೈಗಿಟ್ಟರೆ ಅದು ಬರೀ ಕಾಟ.

ಬಿಂಜ್, ಅಂದರೆ ಎಪಿಸೋಡ್‌ಗಳನ್ನು ಒಂದರ ಹಿಂದೆ ಒಂದು ಒಂದೇ ಸಮ ನೋಡೋದು, ಶುರುವಾದದ್ದೂ ಲೆಕ್ಕಾಚಾರದಿಂದಲೇ. ಡಿವಿಡಿ ಸೆಟ್ ತಂದು ವಾರಾಂತ್ಯವಿಡೀ ನೋಡುತ್ತಿದ್ದ ಜನ ಮೊದಲೂ ಇದ್ದರು. ಆದರೆ ಹೊಚ್ಚ ಹೊಸ ಸೀರೀಸನ್ನು ಮೊದಲ ದಿನವೇ ಪೂರ್ತಿ ಕೊಡೋದು ನೆಟ್‌ಫ್ಲಿಕ್ಸ್ ಹಾಕಿದ ಪಟ್ಟು. 2012ರ ಫೆಬ್ರವರಿಯಲ್ಲಿ 'ಲಿಲಿಹ್ಯಾಮರ್' ಅನ್ನೋ ನಾರ್ವೆಯ ಸೀರೀಸ್‌ನ ಎಂಟು ಎಪಿಸೋಡ್‌ಗಳನ್ನು ಒಟ್ಟಿಗೆ ಬಿಟ್ಟು ನೋಡಿದರು, ಯಾರೂ ಅಷ್ಟಾಗಿ ಗಮನಿಸಲಿಲ್ಲ. ಮುಂದಿನ ವರ್ಷ, 2013ರ ಫೆಬ್ರವರಿ 1ರಂದು 'ಹೌಸ್ ಆಫ್ ಕಾರ್ಡ್ಸ್'ನ ಹದಿಮೂರೂ ಎಪಿಸೋಡ್ ಒಂದೇ ಏಟಿಗೆ ಬಂದಾಗ ಮಾತ್ರ ಎಲ್ಲರೂ ತಿರುಗಿ ನೋಡಿದರು.

ಯಾಕೆ ಹಾಗೆ ಮಾಡಿದರು? ಟಿವಿ ಚಾನೆಲ್‌ಗೆ ದಿನಕ್ಕೆ ಇಪ್ಪತ್ನಾಲ್ಕೇ ಗಂಟೆ. ರಾತ್ರಿ ಒಂಬತ್ತಕ್ಕೆ ಯಾವುದು, ಹತ್ತಕ್ಕೆ ಯಾವುದು ಅಂತ ಜಾಗ ಹಂಚಲೇಬೇಕು, ಮಧ್ಯೆ ಜಾಹೀರಾತು ಮಾರಲೇಬೇಕು. ವಾರಕ್ಕೊಂದು ಅನ್ನೋ ಪದ್ಧತಿ ಹುಟ್ಟಿದ್ದೇ ಅಲ್ಲಿಂದ. ನೆಟ್‌ಫ್ಲಿಕ್ಸ್‌ಗೆ ಆಗ ಜಾಹೀರಾತೂ ಇರಲಿಲ್ಲ, ಟೈಮ್‌ಟೇಬಲ್ಲೂ ಇರಲಿಲ್ಲ. ಅದಕ್ಕೆ ಬೇಕಿದ್ದದ್ದು ಟಿವಿಯಲ್ಲಿ ಸಿಗದ ಒಂದು ಸೌಕರ್ಯ, ಇಲ್ಲಿ ಮಾತ್ರ ಸಿಗುತ್ತೆ ಅಂತ ಜನ ಹೇಳಿಕೊಳ್ಳುವಂಥದ್ದು. 'ನಿಮಗೆ ಬೇಕಾದಾಗ, ಬೇಕಾದಷ್ಟು' ಅನ್ನೋದು ಅದಕ್ಕೆ ಸರಿಯಾಗಿ ಹೊಂದಿತು.

ಇದರ ಜೊತೆಗೇ ಒಂದೊಂದೇ ಬಟನ್ ಸೇರಿಕೊಂಡವು. 2012ರ ಆಗಸ್ಟ್‌ನಲ್ಲಿ ಒಂದು ಎಪಿಸೋಡ್ ಮುಗಿದ ತಕ್ಷಣ ಮುಂದಿನದು ತಾನೇ ಶುರುವಾಗುವ ವ್ಯವಸ್ಥೆ ಬಂತು. ಸಣ್ಣ ವಿಷಯ ಅನಿಸುತ್ತದೆ, ಆದರೆ ನನ್ನ ಮಟ್ಟಿಗೆ ಬಿಂಜ್ ಅನ್ನೋದರ ಗುಟ್ಟೆಲ್ಲ ಅಲ್ಲೇ ಇದೆ. ಅಲ್ಲಿವರೆಗೆ ಮುಂದಿನ ಎಪಿಸೋಡ್ ನೋಡೋಕೆ ನೀವು ಮನಸ್ಸು ಮಾಡಬೇಕಿತ್ತು, ಅಲ್ಲಿಂದ ಮುಂದೆ ನಿಲ್ಲಿಸೋಕೆ ಮನಸ್ಸು ಮಾಡಬೇಕಾಯಿತು. ಅರ್ಧ ನಿದ್ದೆಯಲ್ಲಿ ರಿಮೋಟ್ ಹುಡುಕುವುದರೊಳಗೆ ಮುಂದಿನದು ಶುರುವಾಗಿರುತ್ತದೆ. 2017ರಲ್ಲಿ ಟೈಟಲ್ ಹಾಡು ದಾಟಿಸುವ ಸ್ಕಿಪ್ ಇಂಟ್ರೋ ಬಂತು. ಐದು ವರ್ಷದ ಮೇಲೆ ಆ ಕಂಪನಿಯೇ ಹೇಳಿಕೊಂಡ ಪ್ರಕಾರ ಜನ ಅದನ್ನು ದಿನಕ್ಕೆ ಸುಮಾರು 13.6 ಕೋಟಿ ಸಲ ಒತ್ತುತ್ತಿದ್ದರು. ಅದೇ 2017ರಲ್ಲಿ ಅದರ ಮುಖ್ಯಸ್ಥ ರೀಡ್ ಹೇಸ್ಟಿಂಗ್ಸ್, ನಮ್ಮ ಪೈಪೋಟಿ ನಿದ್ದೆಯ ಜೊತೆಗೆ ಅಂದಿದ್ದರು. ತಮಾಷೆಗೆ ಅಂದರು ಅಂತಿಟ್ಟುಕೊಳ್ಳಿ, ಆದರೂ ಅದು ಸುಮ್ನೆ ಬಂದ ತಮಾಷೆ ಅಲ್ಲ.

ಹೀಗೆ ಏಳೆಂಟು ವರ್ಷ ಇದೇ ಆಟ. 'ಬಿಂಜ್ ವಾಚ್' ಅನ್ನೋದನ್ನು ಕಾಲಿನ್ಸ್ ನಿಘಂಟಿನವರು 2015ರ ವರ್ಷದ ಪದ ಅಂತ ಆರಿಸಿದರು. ಟಿವಿ ಸತ್ತಿತು, ಇನ್ನು ಯಾರೂ ವಾರಗಟ್ಟಲೆ ಕಾಯಲ್ಲ ಅಂತ ಎಲ್ಲರೂ ಬರೆದರು. ಅಷ್ಟರಲ್ಲಿ 2019 ಬಂತು.

2019ರ ನವೆಂಬರ್ 12ರಂದು ಡಿಸ್ನಿ ಪ್ಲಸ್ ಶುರುವಾದಾಗ ಅದರ ಹತ್ತಿರ ಹಳೆಯ ಸಿನಿಮಾಗಳ ರಾಶಿ ಇತ್ತು, ಆದರೆ ಜನ ಮುಗಿಬೀಳುವಂಥ ಹೊಸ ಸೀರೀಸ್ ಅಂದರೆ 'ದ ಮ್ಯಾಂಡಲೋರಿಯನ್' ಒಂದೇ. ಎಂಟು ಎಪಿಸೋಡ್, ಒಂದೊಂದೂ ಅರ್ಧ ಮುಕ್ಕಾಲು ಗಂಟೆ. ಆಗ ಡಿಸ್ನಿ ಏಳು ದಿನ ಪುಕ್ಕಟೆಯಾಗಿ ನೋಡಲು ಬಿಡುತ್ತಿತ್ತು. ಈಗ ನೀವೇ ಆ ಕಂಪನಿಯಲ್ಲಿ ಕೂತು ಯೋಚಿಸಿ. ಎಂಟನ್ನೂ ಒಟ್ಟಿಗೆ ಬಿಟ್ಟರೆ ಜನ ಪುಕ್ಕಟೆ ವಾರದಲ್ಲೇ ನೋಡಿ ಮುಗಿಸಿ, ಟಾಟಾ ಹೇಳಿ ಹೋಗುತ್ತಾರೆ. ವಾರಕ್ಕೊಂದು ಬಿಟ್ಟರೆ? ಕೊನೆಯ ಎಪಿಸೋಡ್ ಬಂದದ್ದು ಡಿಸೆಂಬರ್ 27ಕ್ಕೆ. ಅಷ್ಟು ಹೊತ್ತಿಗೆ ಪುಕ್ಕಟೆ ವಾರ ಮುಗಿದು, ಒಂದು ತಿಂಗಳ ಚಂದಾ ಹೋಗಿ, ಎರಡನೆಯದೂ ಕಟ್ ಆಗಿರುತ್ತದೆ. ಆಪಲ್ ಅದೇ ತಿಂಗಳು ಶುರು ಮಾಡಿದ ಸೇವೆಯಲ್ಲೂ ಹೆಚ್ಚುಕಮ್ಮಿ ಇದೇ ದಾರಿ: ಮೊದಲ ದಿನ ಮೂರು, ಆಮೇಲೆ ವಾರಕ್ಕೊಂದು.

ಆ ಮೂರು ಅನ್ನೋದರಲ್ಲೂ ಒಂದು ಜಾಣತನ ಇದೆ. ಒಂದೇ ಎಪಿಸೋಡ್ ಕೊಟ್ಟರೆ ಪಾತ್ರಗಳ ಪರಿಚಯದಲ್ಲೇ ಮುಗಿದುಹೋಗುತ್ತದೆ, ಮುಂದಿನ ವಾರಕ್ಕೆ ನೆನಪೇ ಇರಲ್ಲ. ಮೂರು ನೋಡಿದವನು ಆಗಲೇ ಎರಡು ಮೂರು ಗಂಟೆ ಸುರಿದಿರುತ್ತಾನೆ. ಇಷ್ಟು ನೋಡಿದ ಮೇಲೆ ಬಿಡೋಕೆ ಮನಸ್ಸು ಬರಲ್ಲ.

ಈ ಉದ್ಯಮದವರಿಗೆ ನಿದ್ದೆಗೆಡಿಸುವ ವಿಷಯ ಅಂದರೆ ಚರ್ನ್. ಅಂದರೆ ಬಂದ ಗಿರಾಕಿ ಚಂದಾ ನಿಲ್ಲಿಸಿ ಹೊರಟುಹೋಗೋದು. ಕೇಬಲ್ ಕಾಲದಲ್ಲಿ ಕನೆಕ್ಷನ್ ತೆಗೆಸೋದು ಅಂದರೆ ಫೋನು, ಓಡಾಟ, ಮಾತುಕತೆ. ಈಗ ಮೂರು ಸಲ ಒತ್ತಿದರೆ ಮುಗಿಯಿತು, ಬೇಕಾದಾಗ ಮತ್ತೆ ಮೂರು ಸಲ ಒತ್ತಿದರೆ ವಾಪಸ್. ಆಂಟೆನಾ ಅನ್ನೋ ಸಂಸ್ಥೆ ಇದರ ಲೆಕ್ಕ ಇಡುತ್ತದೆ. ಅಮೆರಿಕದಲ್ಲಿ ದೊಡ್ಡ ಸ್ಟ್ರೀಮಿಂಗ್ ಸೇವೆಗಳ ಚಂದಾದಾರರಲ್ಲಿ ಎರಡು ವರ್ಷದಲ್ಲಿ ಮೂರು ಅಥವಾ ಜಾಸ್ತಿ ಸೇವೆ ಕ್ಯಾನ್ಸಲ್ ಮಾಡಿದವರು 2021ರ ನವೆಂಬರ್‌ನಲ್ಲಿ ಶೇ 15 ಇದ್ದರು, 2023ರ ನವೆಂಬರ್ ಹೊತ್ತಿಗೆ ಸುಮಾರು ಕಾಲು ಭಾಗ ಆದರು. ಒಂದು ತಿಂಗಳು ಇಲ್ಲಿ, ಬೇಕಾದ್ದು ನೋಡಿ ಮುಗಿಸಿ, ಮುಂದಿನ ತಿಂಗಳು ಅಲ್ಲಿ. ಜಾಣರು ಅನ್ನಿ. ಕಂಪನಿಯ ಕಡೆಯಿಂದ ನೋಡಿದರೆ ಇವರು ಛತ್ರದಲ್ಲಿ ಉಂಡು ಎದ್ದುಹೋಗುವವರು.

ಇನ್ನೊಂದು ಲಾಭ ಇದೆ. ವಾರ ವಾರ ಬಂದರೆ ಒಂದು ಸೀರೀಸ್‌ನ ಮಾತು ಎರಡು ತಿಂಗಳು ನಡೆಯುತ್ತದೆ, ಹೊಸಬರು ಮಧ್ಯದಲ್ಲಿ ಸೇರಿಕೊಳ್ಳುತ್ತಾ ಹೋಗುತ್ತಾರೆ. ಎಚ್‌ಬಿಒದ 'ದ ಲಾಸ್ಟ್ ಆಫ್ ಅಸ್' ಮೊದಲ ಸೀಸನ್ ಇದಕ್ಕೆ ಚೆನ್ನಾದ ಉದಾಹರಣೆ. 2023ರ ಜನವರಿ 15ರ ಮೊದಲ ರಾತ್ರಿ ಅಮೆರಿಕದಲ್ಲಿ ನೋಡಿದವರು 47 ಲಕ್ಷ. ಮಾರ್ಚ್ 12ರ ಕೊನೆಯ ಎಪಿಸೋಡ್‌ಗೆ 82 ಲಕ್ಷ. ಅದೂ ಆ ರಾತ್ರಿಯೇ ಆಸ್ಕರ್ ಸಮಾರಂಭ ಇತ್ತು! ಯಾರೋ ಗೆಳೆಯ ಹೇಳಿದ, ಎಲ್ಲೋ ಒಂದು ಕ್ಲಿಪ್ ನೋಡಿದೆ, ಹಿಂದಿನ ನಾಲ್ಕು ನೋಡಿ ಮುಗಿಸಿ ಐದನೆಯದಕ್ಕೆ ಎಲ್ಲರ ಜೊತೆ ಕೂತೆ. ಹೀಗೆ ಜನ ಸೇರಬೇಕಾದರೆ ಆ ಐದನೆಯದು ಇನ್ನೂ ಬರಬೇಕಿರಬೇಕು.

ಇಷ್ಟೆಲ್ಲ ಕೇಳಿದರೆ ನೆಟ್‌ಫ್ಲಿಕ್ಸ್‌ನವರು ದಡ್ಡರಾ ಅನಿಸಬಹುದು. ಇಲ್ಲ. 2022ರ ಮೊದಲ ಮೂರು ತಿಂಗಳಲ್ಲಿ ಅವರ ಚಂದಾದಾರರ ಸಂಖ್ಯೆ ದಶಕದಲ್ಲಿ ಮೊದಲ ಸಲ ಇಳಿಯಿತು, 2 ಲಕ್ಷ ಕಮ್ಮಿ. ಸುದ್ದಿ ಬಂದ ಮರುದಿನ ಷೇರು ಶೇ 35ರಷ್ಟು ಬಿತ್ತು. ಬಿಂಜ್ ಬಿಡಿ, ವಾರಕ್ಕೊಂದು ಕೊಡಿ ಅಂತ ಬುದ್ಧಿ ಹೇಳುವವರು ಎಲ್ಲ ಕಡೆಯಿಂದ ಎದ್ದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಷೇರುದಾರರಿಗೆ ಬರೆದ ಪತ್ರದಲ್ಲಿ ಕಂಪನಿ ಉತ್ತರ ಕೊಟ್ಟಿತು: ಒಟ್ಟಿಗೆ ಬಿಟ್ಟಿದ್ದರಿಂದಲೇ 'ಸ್ಕ್ವಿಡ್ ಗೇಮ್' ಥರದ ಕೊರಿಯನ್ ಸೀರೀಸ್ ಜಗತ್ತೆಲ್ಲ ಹಬ್ಬೋಕೆ ಆಯಿತು, ಜನ ಬಿಡದೆ ನೋಡದಿದ್ದರೆ ಆ ಓಟ ಎಲ್ಲಿ ಬರುತ್ತಿತ್ತು ಅಂತ.

ಇದನ್ನು ತಳ್ಳಿಹಾಕೋಕೆ ಆಗಲ್ಲ. 'ಸ್ಕ್ವಿಡ್ ಗೇಮ್' 2021ರ ಸೆಪ್ಟೆಂಬರ್ 17ರಂದು ಬಂದಾಗ ಕೊರಿಯಾದ ಆಚೆ ಅದನ್ನು ಕಾಯುತ್ತಿದ್ದವರು ಕಮ್ಮಿ. ನಟರ ಮುಖ ಬಹಳ ಜನರಿಗೆ ಹೊಸದು, ಭಾಷೆ ಹೊಸದು. ಮೊದಲ 28 ದಿನದಲ್ಲಿ ಜನ ಅದನ್ನು ನೋಡಿದ್ದು 165 ಕೋಟಿ ಗಂಟೆ. ಇಂಥ ಸೀರೀಸ್‌ಗೆ ಮೊದಲ ಎಪಿಸೋಡ್ ನೋಡಿ 'ಮುಂದಿನದು ಮುಂದಿನ ವಾರ' ಅಂದಿದ್ದರೆ ಏನಾಗುತ್ತಿತ್ತು? ನೋಡಿದವರಲ್ಲಿ ಅರ್ಧ ಜನ ಮರೆಯುತ್ತಿದ್ದರು ಅನ್ನೋದು ನನ್ನ ಊಹೆ. ಹೆಸರಿರುವ ಸೀರೀಸ್‌ಗೆ ಜನ ಕಾಯುತ್ತಾರೆ. ಹೆಸರೇ ಇಲ್ಲದ್ದಕ್ಕೆ ಯಾರು ಕಾಯುತ್ತಾರೆ? ಡಿಸ್ನಿಯವರ ಹತ್ತಿರ ಸ್ಟಾರ್ ವಾರ್ಸ್, ಮಾರ್ವೆಲ್ ಅಂತ ಮೊದಲೇ ಊರೆಲ್ಲ ಗೊತ್ತಿರುವ ಸರಕು ಇತ್ತು. ಅವರು ಕಾಯಿಸಬಹುದಿತ್ತು.

ಇನ್ನು ತಲೆಯೊಳಗೆ ಏನಾಗುತ್ತದೆ ಅನ್ನೋದು. ಮೆಲ್ಬರ್ನ್ ವಿಶ್ವವಿದ್ಯಾಲಯದವರು 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿ ಒಂದೇ ಸೀರೀಸ್‌ನ ಆರು ಗಂಟೆಯ ಕಥೆಯನ್ನು ಒಬ್ಬರಿಗೆ ಒಂದೇ ಸಲ, ಇನ್ನೊಬ್ಬರಿಗೆ ದಿನಕ್ಕೊಂದು, ಮತ್ತೊಬ್ಬರಿಗೆ ವಾರಕ್ಕೊಂದು ತೋರಿಸಿದರು. ಮಾರನೇ ದಿನ ಕೇಳಿದಾಗ ಬಿಂಜ್ ಮಾಡಿದವರಿಗೇ ಎಲ್ಲರಿಗಿಂತ ಚೆನ್ನಾಗಿ ನೆನಪಿತ್ತು. 140 ದಿನ ಆದ ಮೇಲೆ ಮತ್ತೆ ಕೇಳಿದರೆ ಅವರ ನೆನಪೇ ಎಲ್ಲರಿಗಿಂತ ಜಾಸ್ತಿ ಇಳಿದಿತ್ತು. ಅದಕ್ಕಿಂತ ನನಗೆ ಆಶ್ಚರ್ಯ ಅನಿಸಿದ್ದು ಇದು: ಬಿಂಜ್ ಮಾಡಿದವರು ಆ ಸೀರೀಸನ್ನು ಉಳಿದ ಎರಡು ಗುಂಪಿಗಿಂತ ಕಮ್ಮಿ ಇಷ್ಟಪಟ್ಟಿದ್ದರು. ಸಣ್ಣ ಅಧ್ಯಯನ, ಒಂದೇ ಸೀರೀಸ್, ಕಾಲೇಜು ಹುಡುಗರು, ಅದೂ ಪ್ರಯೋಗಾಲಯದಲ್ಲಿ ಕೂತು. ಆದ್ದರಿಂದ ಇದನ್ನೇ ವೇದವಾಕ್ಯ ಅಂತ ಹಿಡಿದುಕೊಳ್ಳಬೇಕಿಲ್ಲ. ಆದರೆ ಒಂದೇ ವಾರಾಂತ್ಯದಲ್ಲಿ ಮುಗಿಸಿದ ಸೀರೀಸ್‌ನ ಮುಂದಿನ ಸೀಸನ್ ಬಂದಾಗ 'ಇವನು ಯಾರು, ಇವಳು ಯಾವಾಗ ಸತ್ತಳು' ಅಂತ ತಡಕಾಡಿದವರಿಗೆ ಈ ಫಲಿತಾಂಶ ಹೊಸದೇನೂ ಅನಿಸಲ್ಲ.

2009ರಲ್ಲಿ ಬಂದ ಇನ್ನೊಂದು ಸಂಶೋಧನೆ ಇದಕ್ಕಿಂತ ವಿಚಿತ್ರ. ಟಿವಿ ಕಾರ್ಯಕ್ರಮವನ್ನು ಕೆಲವರಿಗೆ ಜಾಹೀರಾತಿನ ಸಮೇತ, ಕೆಲವರಿಗೆ ಜಾಹೀರಾತು ತೆಗೆದು ತೋರಿಸಿದರು. ಕೇಳಿದರೆ ಎಲ್ಲರೂ ಜಾಹೀರಾತು ಬೇಡ ಅನ್ನುವವರೇ. ಆದರೆ ನೋಡಿದ ಮೇಲೆ ಜಾಸ್ತಿ ಖುಷಿಪಟ್ಟವರು ಮಧ್ಯೆ ಮಧ್ಯೆ ಜಾಹೀರಾತು ಬಂದವರು! ಸಂಶೋಧಕರ ವಿವರಣೆ ಸರಳ: ಖುಷಿ ಕೊಡುವ ಯಾವುದೂ ಒಂದೇ ಸಮ ನಡೆಯುತ್ತಿದ್ದರೆ ಮನಸ್ಸು ಅದಕ್ಕೆ ಒಗ್ಗಿಹೋಗುತ್ತದೆ, ನಡುವೆ ತಡೆ ಬಂದರೆ ರುಚಿ ಮರಳುತ್ತದೆ. ಇದರರ್ಥ ಜಾಹೀರಾತಿಗೆ ಕೈಮುಗಿಯಬೇಕು ಅಂತಲ್ಲ. ನಮಗೆ ಏನು ಬೇಕು ಅಂತ ನಾವು ಹೇಳೋದಕ್ಕೂ, ನಿಜವಾಗಿ ಏನು ಖುಷಿ ಕೊಡುತ್ತದೆ ಅನ್ನೋದಕ್ಕೂ ಅಂತರ ಇದೆ. 'ಎಲ್ಲಾ ಒಟ್ಟಿಗೆ ಕೊಡಿ' ಅನ್ನೋ ಕೂಗನ್ನೂ ಸ್ವಲ್ಪ ಹಾಗೆಯೇ ಕೇಳಿಸಿಕೊಳ್ಳಬೇಕು.

ನಿದ್ದೆಯ ವಿಷಯ ಜಾಸ್ತಿ ಹೇಳಬೇಕಿಲ್ಲ. 18ರಿಂದ 25 ವರ್ಷದ 423 ಜನರನ್ನು ಕೇಳಿ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬಿಂಜ್ ಮಾಡುವವರ ನಿದ್ದೆ ಕೆಟ್ಟದಾಗಿತ್ತು. ಮಲಗಿದ ಮೇಲೂ ತಲೆ ಓಡುತ್ತಲೇ ಇರುತ್ತೆ ಅನ್ನೋದು ಮುಖ್ಯ ಕಾರಣ. ಗೊತ್ತಿರುವುದೇ.

ವಾರದ ಪದ್ಧತಿಯ ಪರ ವಾದಿಸುವವರು ಎಲ್ಲಕ್ಕಿಂತ ಮೊದಲು ಹೇಳೋದು ಹರಟೆಯ ಬಗ್ಗೆ. ಎಲ್ಲರೂ ಒಂದೇ ಜಾಗದಲ್ಲಿ ನಿಂತಿರುತ್ತಾರೆ, ಮುಂದೇನು ಅಂತ ಊಹಿಸುತ್ತಾರೆ, ಸ್ಪಾಯ್ಲರ್ ಭಯ ಇರಲ್ಲ. ನಿಜ. ಆದರೆ ಈ ಊಹೆಯ ಆಟ ಸೀರೀಸ್‌ಗೆ ಯಾವಾಗಲೂ ಒಳ್ಳೆಯದೇ ಮಾಡುತ್ತೆ ಅಂತೇನಿಲ್ಲ. ಡಿಸ್ನಿಯ ಮಾರ್ವೆಲ್ ಸೀರೀಸ್ 'ವಾಂಡಾವಿಷನ್'ನಲ್ಲಿ ನಡೆದದ್ದು ನೋಡಿ. (ಇನ್ನೂ ನೋಡದವರು ಮುಂದಿನ ಪ್ಯಾರಾ ಬಿಟ್ಟು ಓದಿ.)

2021ರ ಫೆಬ್ರವರಿ 5ರಂದು ಬಂದ ಐದನೇ ಎಪಿಸೋಡ್‌ನ ಕೊನೆಯಲ್ಲಿ ಬಾಗಿಲು ಬಡಿಯುವ ಸದ್ದು. ತೆಗೆದರೆ ನಾಯಕಿ ವಾಂಡಾಳ ಸತ್ತುಹೋಗಿದ್ದ ಅವಳಿ ಸೋದರ ನಿಂತಿದ್ದಾನೆ, ಆದರೆ ಮುಖ ಬೇರೆ. ಆ ಮುಖ ಇವಾನ್ ಪೀಟರ್ಸ್‌ದು. ಇನ್ನೊಂದು ಕಂಪನಿಯ ಎಕ್ಸ್-ಮೆನ್ ಸಿನಿಮಾಗಳಲ್ಲಿ ಅದೇ ಪಾತ್ರ ಮಾಡಿದ್ದ ನಟ. ಅಲ್ಲಿಗೆ ಅಭಿಮಾನಿಗಳ ತಲೆ ಕೆಟ್ಟುಹೋಯಿತು. ಎರಡು ಲೋಕ ಒಂದಾಗುತ್ತಿದೆ, ಎಕ್ಸ್-ಮೆನ್ ಬರುತ್ತಿದ್ದಾರೆ, ಎಲ್ಲದರ ಹಿಂದೆ ಮೆಫಿಸ್ಟೋ ಅನ್ನೋ ದೆವ್ವ ಇದೆ ಅಂತ ವಾರಗಟ್ಟಲೆ ವಿಡಿಯೊ, ಬರಹ, ವಾದ. ಮಾರ್ಚ್ 5ರಂದು ಕೊನೆಯ ಎಪಿಸೋಡ್ ಬಂತು. ಅವನು ಅದೇ ಊರಿನ ರಾಲ್ಫ್ ಬೋನರ್ ಅನ್ನೋ ಮಾಮೂಲಿ ಮನುಷ್ಯ, ಹೆಸರಿನಲ್ಲೊಂದು ಪೋಲಿ ಜೋಕು, ಅಷ್ಟೇ. ಮೆಫಿಸ್ಟೋ ಬರಲೇ ಇಲ್ಲ.

ಒಂಬತ್ತೂ ಎಪಿಸೋಡ್ ಒಟ್ಟಿಗೆ ಬಂದಿದ್ದರೆ ಆ ಬಾಗಿಲಿಗೂ ಆ ಜೋಕಿಗೂ ನಡುವೆ ಎರಡು ಮೂರು ಗಂಟೆ ಇರುತ್ತಿತ್ತು, ಜನ ನಕ್ಕು ಮುಂದೆ ಹೋಗುತ್ತಿದ್ದರು. ನಾಲ್ಕು ವಾರ ಸಿಕ್ಕಿದ್ದರಿಂದ ಅದು ಊದಿಕೊಂಡು ಮೋಸ ಅನಿಸುವಷ್ಟು ದೊಡ್ಡದಾಯಿತು. ಅದೇ ನಾಲ್ಕು ವಾರ ಆ ಸೀರೀಸನ್ನು ಎಲ್ಲರ ಬಾಯಲ್ಲೂ ಇಟ್ಟಿತು ಅನ್ನೋದೂ ಅಷ್ಟೇ ನಿಜ. ವಾರದ ಬಿಡುವು ಒಳ್ಳೆಯದನ್ನೂ ದೊಡ್ಡದು ಮಾಡುತ್ತದೆ, ಹುಳುಕನ್ನೂ ದೊಡ್ಡದು ಮಾಡುತ್ತದೆ. ಬಿಂಜ್‌ನಲ್ಲಿ ಎರಡೂ ಮುಚ್ಚಿಹೋಗುತ್ತವೆ.

ಅದಕ್ಕೇ ನಾನು ಬರವಣಿಗೆಯ ಮಾತು ಎತ್ತಿದ್ದು. ಬಿಂಜ್ ಕಾಲದಲ್ಲಿ ಒಂದು ಮಾತು ಬಹಳ ಓಡಾಡಿತು: ನಮ್ಮದು ಸೀರೀಸ್ ಅಲ್ಲ, ಹತ್ತು ಗಂಟೆಯ ಸಿನಿಮಾ ಅಂತ. ನಿರ್ದೇಶಕರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ನೋಡುವವರಿಗೆ ಅದು ಬೆದರಿಕೆ ಥರ ಕೇಳಿಸಬೇಕಿತ್ತು. ಯಾಕಂದರೆ ಅಂಥ ಸೀರೀಸ್‌ಗಳಲ್ಲಿ ನಾಲ್ಕರಿಂದ ಆರನೇ ಎಪಿಸೋಡ್‌ವರೆಗೆ ಏನೂ ನಡೆಯಲ್ಲ. ಪಾತ್ರಗಳು ಕಾರಿನಲ್ಲಿ ಹೋಗುತ್ತವೆ, ಹಳೆಯ ಗಾಯ ನೆನೆಸಿಕೊಳ್ಳುತ್ತವೆ, ಯಾರೋ ಯಾರನ್ನೋ ಹುಡುಕುತ್ತಾರೆ, ಕೊನೆಯ ಎರಡು ನಿಮಿಷದಲ್ಲಿ ಬಾಗಿಲ ಹಿಂದೆ ಒಂದು ನೆರಳು ತೋರಿಸಿ ಕಟ್ ಮಾಡುತ್ತಾರೆ. ಮುಂದಿನದು ತಾನೇ ಶುರುವಾಗುವುದರಿಂದ ನಮಗೆ ಗೊತ್ತೇ ಆಗಲ್ಲ. ಆ ಐದನೇ ಎಪಿಸೋಡನ್ನೇ ಒಂದು ವಾರ ಕಾದು ನೋಡಿದರೆ? ಇದಕ್ಕೋಸ್ಕರ ಕಾದೆನಾ ಅನಿಸುತ್ತದೆ.

ಎಪಿಸೋಡ್ ಥರ ಬರೆಯೋದು ಅಂದರೆ ಪ್ರತಿ ವಾರ ಒಂದು ಕೇಸು ಬಿಡಿಸಬೇಕು ಅಂತೇನಿಲ್ಲ. ಆ ಒಂದು ಗಂಟೆಗೆ ಅದರದೇ ಒಂದು ಪ್ರಶ್ನೆ ಇರಬೇಕು, ಮುಗಿಯುವಾಗ ಏನಾದರೂ ಬದಲಾಗಿರಬೇಕು. ಒಂದು ವಾರದ ಮೇಲೆ ಯಾರಾದರೂ ಕೇಳಿದರೆ 'ಓ, ಜೈಲಿನ ಎಪಿಸೋಡಾ' ಅಂತ ಗುರುತು ಹೇಳುವ ಹಾಗಿರಬೇಕು. ಬಿಂಜ್ ಮಾಡಿದ ಸೀರೀಸ್‌ಗಳಲ್ಲಿ ಇಂಥ ಗುರುತೇ ಉಳಿಯಲ್ಲ, ಎಲ್ಲಾ ಕಲಸಿಕೊಂಡಿರುತ್ತದೆ.

ಕಥೆಯ ಅಚ್ಚು ನೋಡಿ ಬಿಡುಗಡೆ ಹೇಗಿರಬೇಕು ಅಂತ ತೀರ್ಮಾನಿಸಿದರೆ ಎಷ್ಟು ಚೆನ್ನ ಅನ್ನೋದಕ್ಕೆ 2025ರಲ್ಲೇ ಎರಡು ಉದಾಹರಣೆ ಸಿಕ್ಕವು. 'ಆಂಡೋರ್' ಎರಡನೇ ಸೀಸನ್‌ನಲ್ಲಿ ಹನ್ನೆರಡು ಎಪಿಸೋಡ್. ಮೂರು ಮೂರು ಎಪಿಸೋಡ್‌ಗೆ ಒಂದು ಘಟ್ಟ, ಪ್ರತಿ ಘಟ್ಟಕ್ಕೂ ಕಥೆ ಒಂದು ವರ್ಷ ಮುಂದಕ್ಕೆ ಹಾರುತ್ತದೆ. ಡಿಸ್ನಿ ವಾರಕ್ಕೆ ಮೂರರಂತೆ ನಾಲ್ಕು ವಾರ ಬಿಟ್ಟಿತು. ಪ್ರತಿ ವಾರ ಒಂದು ಸಿನಿಮಾ ನೋಡಿದಷ್ಟು ಹೊಟ್ಟೆ ತುಂಬುತ್ತಿತ್ತು, ಮಾತಾಡೋಕೆ ಒಂದು ವಾರ ಸಿಗುತ್ತಿತ್ತು, ಕಥೆಯಲ್ಲಿ ವರ್ಷ ಕಳೆಯುವುದು ನಮಗೂ ವಾರ ಕಳೆಯುವುದರ ಜೊತೆ ತಾಳೆಯಾಗುತ್ತಿತ್ತು. ಇನ್ನೊಂದು ಕಡೆ ನೆಟ್‌ಫ್ಲಿಕ್ಸ್‌ನ 'ಅಡೋಲೆಸೆನ್ಸ್'. ನಾಲ್ಕೇ ಎಪಿಸೋಡ್, ಒಂದೊಂದೂ ಎಲ್ಲೂ ಕಟ್ ಇಲ್ಲದ ಒಂದೇ ಶಾಟ್. ಮಾರ್ಚ್ 13ರಂದು ನಾಲ್ಕೂ ಒಟ್ಟಿಗೆ ಬಂದವು, ಬಂದದ್ದೇ ಸರಿ. ಆ ಉಸಿರುಕಟ್ಟುವಿಕೆಗೆ ವಾರದ ಬಿಡುವು ಕೊಟ್ಟಿದ್ದರೆ ಗಾಳಿ ಆಡಿಬಿಡುತ್ತಿತ್ತು. ಆದರೆ ಒಂದು ಗಮನಿಸಿ, ಒಟ್ಟಿಗೆ ಬಂದರೂ ಆ ನಾಲ್ಕೂ ಬೇರೆ ಬೇರೆಯಾಗಿ ನೆನಪಿರುತ್ತವೆ: ಪೊಲೀಸ್ ಠಾಣೆಯದು, ಶಾಲೆಯದು, ಆ ಹುಡುಗ ಮತ್ತು ಮನಶ್ಶಾಸ್ತ್ರಜ್ಞೆ ಎದುರುಬದುರು ಕೂತದ್ದು, ಮನೆಯವರದು. ಎಪಿಸೋಡ್ ಥರ ಬರೆದದ್ದು ಅಂದರೆ ಇದು.

ಎರಡರ ಮಧ್ಯದ ದಾರಿ ಅಂತ ಒಂದು ಬಂದಿದೆಯಲ್ಲ, ಸೀಸನ್ನನ್ನು ಎರಡು ಹೋಳು ಮಾಡಿ ಬಿಡೋದು, ಅದು ಮಾತ್ರ ನನಗೆ ಸ್ವಲ್ಪವೂ ಇಷ್ಟವಿಲ್ಲ. ನೆಟ್‌ಫ್ಲಿಕ್ಸ್‌ನವರು ವಾರಕ್ಕೊಂದು ಅನ್ನೋಕೆ ಮನಸ್ಸಿಲ್ಲದೆ, ಪೂರ್ತಿ ಕೊಡೋಕೂ ಮನಸ್ಸಿಲ್ಲದೆ ಕಂಡುಕೊಂಡ ಉಪಾಯ ಇದು. 2022ರಲ್ಲಿ 'ಸ್ಟ್ರೇಂಜರ್ ಥಿಂಗ್ಸ್' ನಾಲ್ಕನೇ ಸೀಸನ್‌ನ ಏಳು ಎಪಿಸೋಡ್ ಮೇ 27ಕ್ಕೆ ಬಂದವು, ಉಳಿದ ಎರಡು ಜುಲೈ 1ಕ್ಕೆ. ಜುಲೈ 1 ಅಂದರೆ ಹೊಸ ತ್ರೈಮಾಸಿಕದ ಮೊದಲ ದಿನ, ಒಂದೇ ಸೀಸನ್ ಎರಡು ತ್ರೈಮಾಸಿಕದ ಲೆಕ್ಕಕ್ಕೆ ಬಿತ್ತು. ಆಮೇಲಿನ ತಾರೀಕುಗಳನ್ನು ನೋಡಿ. 'ಯೂ' ನಾಲ್ಕನೇ ಸೀಸನ್: 2023ರ ಫೆಬ್ರವರಿ 9, ಮಾರ್ಚ್ 9. 'ದ ಕ್ರೌನ್' ಕೊನೆಯ ಸೀಸನ್: ಅದೇ ವರ್ಷ ನವೆಂಬರ್ 16, ಡಿಸೆಂಬರ್ 14. 'ಬ್ರಿಜರ್ಟನ್' ಮೂರು: 2024ರ ಮೇ 16, ಜೂನ್ 13. 'ವೆನ್ಸ್‌ಡೇ' ಎರಡು: 2025ರ ಆಗಸ್ಟ್ 6, ಸೆಪ್ಟೆಂಬರ್ 3. ಕ್ಯಾಲೆಂಡರ್ ತೆಗೆದು ಎಣಿಸಿದರೆ ನಾಲ್ಕಕ್ಕೂ ಸರಿಯಾಗಿ 28 ದಿನದ ಅಂತರ. ನಾಲ್ಕೂ ಕಥೆಗಳಿಗೆ ಸರಿಯಾಗಿ ನಾಲ್ಕೇ ವಾರದ ಬಿಡುವು ಬೇಕಿತ್ತಾ? ಲೆಕ್ಕ ಹಾಕಿದರೆ, ಮೊದಲ ಭಾಗ ಬಂದ ದಿನವೇ ಚಂದಾ ಕಟ್ಟಿದವನಿಗೆ ಎರಡನೆಯದು ಬಂದಾಗ ತಿಂಗಳು ಮುಗಿಯೋಕೆ ಹೆಚ್ಚೆಂದರೆ ಎರಡು ಮೂರು ದಿನ ಬಾಕಿ. ಬೇಗ ಬೇಗ ನೋಡಿ ಮುಗಿಸಬಹುದು. ಅಷ್ಟು ಶಿಸ್ತು ಎಷ್ಟು ಜನಕ್ಕಿದೆ?

ಇದರಲ್ಲಿ ಬಿಂಜ್‌ನ ಸುಖವೂ ಇಲ್ಲ, ವಾರದ ಹರಟೆಯೂ ಇಲ್ಲ. ಮೊದಲ ಹೋಳನ್ನು ಒಂದೇ ರಾತ್ರಿ ಮುಗಿಸುತ್ತೀರಿ, ಮೂರು ದಿನ ಮಾತಾಡುತ್ತೀರಿ, ಮೂರೂವರೆ ವಾರ ಮೌನ, ಅಷ್ಟರಲ್ಲಿ ಅರ್ಧ ಮರೆತಿರುತ್ತದೆ. 'ಸ್ಟ್ರೇಂಜರ್ ಥಿಂಗ್ಸ್' ಕೊನೆಯ ಸೀಸನ್ನನ್ನಂತೂ 2025ರ ಕೊನೆಗೆ ಮೂರು ಹೋಳು ಮಾಡಿದರು. ಅಮೆರಿಕದ ಲೆಕ್ಕದಲ್ಲಿ ನವೆಂಬರ್ 26, ಕ್ರಿಸ್‌ಮಸ್ ದಿನ, ವರ್ಷದ ಕೊನೆಯ ದಿನ. ಹಬ್ಬದ ರಜೆ ನೋಡಿಕೊಂಡು ಹಂಚಿದ್ದು ಅನ್ನೋದನ್ನು ಯಾರೂ ಮುಚ್ಚಿಡಲೂ ಇಲ್ಲ.

ಹಾಗಾದರೆ ಬಿಂಜ್ ಮುಗಿದ ಅಧ್ಯಾಯವಾ? ಖಂಡಿತ ಅಲ್ಲ. ಬಿಂಜ್‌ಗೆ ನಿಜವಾಗಿ ಹೊಂದುವ ಜಾಗ ಹಳೆಯ ಸೀಸನ್‌ಗಳು. 'ಬ್ರೇಕಿಂಗ್ ಬ್ಯಾಡ್' 2008ರಲ್ಲಿ ಎಎಂಸಿ ಚಾನೆಲ್‌ನಲ್ಲಿ ಶುರುವಾದಾಗ ಮೊದಲ ಎಪಿಸೋಡ್ ನೋಡಿದವರು ಸುಮಾರು 14 ಲಕ್ಷ. 2013ರ ಸೆಪ್ಟೆಂಬರ್‌ನ ಕೊನೆಯ ಎಪಿಸೋಡ್‌ಗೆ 1.03 ಕೋಟಿ. ನಡುವೆ ಆದದ್ದೇನು? ಹಳೆಯ ಸೀಸನ್‌ಗಳು ನೆಟ್‌ಫ್ಲಿಕ್ಸ್‌ನಲ್ಲಿ ಸಿಕ್ಕವು, ಜನ ರಾತ್ರಿಗಟ್ಟಲೆ ಕೂತು ನೋಡಿ ಮುಗಿಸಿದರು, ಆಮೇಲೆ ಹೊಸ ಎಪಿಸೋಡ್‌ಗೆ ಟಿವಿಯ ಮುಂದೆ ಎಲ್ಲರ ಜೊತೆ ಕಾದರು. ಆ ವರ್ಷ ಎಮ್ಮಿ ಪ್ರಶಸ್ತಿ ಬಂದಾಗ ಸೀರೀಸ್ ಕಟ್ಟಿದ ವಿನ್ಸ್ ಗಿಲಿಗನ್ ಅವರೇ ನಮ್ಮನ್ನು ಉಳಿಸಿದ್ದು ನೆಟ್‌ಫ್ಲಿಕ್ಸ್ ಅಂದರು. 2019ರಲ್ಲೇ ಮುಗಿದಿದ್ದ 'ಸೂಟ್ಸ್' 2023ರಲ್ಲಿ ಅಮೆರಿಕದಲ್ಲಿ 5,770 ಕೋಟಿ ನಿಮಿಷ ಓಡಿತು ಅಂತ ವೀಕ್ಷಣೆ ಅಳೆಯುವ ನೀಲ್ಸನ್ ಸಂಸ್ಥೆಯ ಲೆಕ್ಕ, ಆ ವರ್ಷದ ಎಲ್ಲಾ ಸೀರೀಸ್‌ಗಿಂತ ಜಾಸ್ತಿ. 134 ಎಪಿಸೋಡ್ ಇರುವ ಸೀರೀಸ್, ಹೆಚ್ಚಿನವು ವಾರಕ್ಕೊಂದರಂತೆ ನೋಡಲಿ ಅಂತಲೇ ಬರೆದವು, ಒಂದೊಂದಕ್ಕೂ ತಲೆ ಇದೆ, ಬಾಲ ಇದೆ. ಅದಕ್ಕೇ ಸಾಲಾಗಿ ನೋಡಿದರೂ ಬೇಜಾರಾಗಲ್ಲ. ವಾರಕ್ಕೆಂದು ಬರೆದದ್ದು ಬಿಂಜ್‌ಗೂ ಒದಗುತ್ತದೆ, ಬಿಂಜ್‌ಗೆಂದು ಬರೆದದ್ದು ವಾರಕ್ಕೆ ಒದಗಲ್ಲ.

ಅತ್ತ ನೆಟ್‌ಫ್ಲಿಕ್ಸೇ ಮೆಲ್ಲಗೆ ಟೈಮ್‌ಟೇಬಲ್ ಕಡೆ ಬರುತ್ತಿದೆ. 2022ರ ನವೆಂಬರ್‌ನಲ್ಲಿ ಜಾಹೀರಾತು ಇರುವ ಅಗ್ಗದ ಪ್ಲ್ಯಾನ್ ಬಂತು. 2024ರ ಕ್ರಿಸ್‌ಮಸ್‌ಗೆ ಅಮೆರಿಕನ್ ಫುಟ್‌ಬಾಲ್ ಪಂದ್ಯಗಳು ಲೈವ್ ಬಂದವು. 2025ರ ಜನವರಿಯಿಂದ ಡಬ್ಲ್ಯುಡಬ್ಲ್ಯುಇ ರಾ ಅನ್ನೋ ಕುಸ್ತಿ ಪ್ರತಿ ಸೋಮವಾರ. ಜಾಹೀರಾತು ಕೊಡುವವನಿಗೆ ಬೇಕಾದ್ದು ಇಂಥ ದಿನ ಇಷ್ಟು ಜನ ಇರುತ್ತಾರೆ ಅನ್ನೋ ಖಾತ್ರಿ. ಅದನ್ನು ಬಿಂಜ್ ಕೊಡಲ್ಲ, ವಾರದ ಎಪಿಸೋಡ್ ಕೊಡುತ್ತದೆ.

'ನನಗೆ ಕಾಯೋದು ಬೇಡ, ಎಲ್ಲಾ ಬಂದ ಮೇಲೆ ಒಟ್ಟಿಗೆ ನೋಡ್ತೀನಿ' ಅನ್ನೋರಿಗೆ ವಾರದ ಪದ್ಧತಿಯಿಂದ ಏನೂ ನಷ್ಟವಿಲ್ಲ ಅಂತ ನಾನು ಹೇಳುತ್ತಿದ್ದೆ. ಎರಡು ತಿಂಗಳು ತಡೆದರೆ ಅವರಿಗೂ ಪೂರ್ತಿ ಸೀಸನ್ ಸಿಗುತ್ತದೆ, ಚಂದಾ ಒಂದೇ ತಿಂಗಳದ್ದು. ತಿರುಗಾಮುರುಗಾ ಮಾಡೋಕೆ ಆಗಲ್ಲ: ಒಟ್ಟಿಗೆ ಬಿಟ್ಟದ್ದನ್ನು ನಾನೊಬ್ಬನೇ ವಾರಕ್ಕೊಂದು ನೋಡುತ್ತೇನೆ ಅಂದರೆ ಎರಡನೇ ವಾರಕ್ಕೇ ಯಾರೋ ಕ್ಲೈಮ್ಯಾಕ್ಸ್ ಹೇಳಿಬಿಟ್ಟಿರುತ್ತಾರೆ, ಮಾತಾಡೋಕೂ ಜೊತೆ ಸಿಗಲ್ಲ. ಆದರೆ ಕಾಯುವವರ ದಾರಿಯಲ್ಲೂ ಒಂದು ಗುಂಡಿ ಇದೆ. ಸೀರೀಸ್ ಮುಂದುವರಿಸಬೇಕಾ ಬೇಡವಾ ಅನ್ನೋ ತೀರ್ಮಾನ ಬೇಗ ಆಗುತ್ತದೆ. ನೆಟ್‌ಫ್ಲಿಕ್ಸ್‌ನ '1899' ಅನ್ನೋ ಸೀರೀಸ್ 2022ರ ನವೆಂಬರ್ 17ಕ್ಕೆ ಬಂತು, ಮೂರು ಸೀಸನ್‌ಗೆ ಯೋಚಿಸಿದ ಕಥೆ. ಜನವರಿ ಶುರುವಿಗೇ ನಿಂತಿತು ಅಂತ ಪ್ರಕಟಣೆ. ಒಂದೂವರೆ ತಿಂಗಳು. ಅಷ್ಟರೊಳಗೆ ನೋಡಿ ಮುಗಿಸದವರು, ಮುಂದಿನ ಸೀಸನ್ ಬಂದ ಮೇಲೆ ಒಟ್ಟಿಗೆ ನೋಡೋಣ ಅಂತ ಎತ್ತಿಟ್ಟವರು, ಆ ತೀರ್ಮಾನದ ಲೆಕ್ಕಕ್ಕೆ ಬರಲೇ ಇಲ್ಲ. ಹೊಸ ಸೀರೀಸ್ ಬಂದರೆ ಪೂರ್ತಿ ಮುಗಿಯಲಿ ಅಂತ ನಾವು ಕಾಯುತ್ತೇವೆ, ಪೂರ್ತಿ ನೋಡುವವರು ಎಷ್ಟಿದ್ದಾರೆ ನೋಡೋಣ ಅಂತ ಅವರು ಕಾಯುತ್ತಾರೆ, ಮತ್ತು ಅವರಿಗೆ ನಮ್ಮಷ್ಟು ತಾಳ್ಮೆ ಇಲ್ಲ.